ಒಂಬತ್ತನೆಯ ಪಾಸ್

2025ರ ಅಕ್ಟೋಬರ್ 6, ಸೋಮವಾರ. ಶಿವರಾಜ್‌ನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋದ. ಎದುರು ಮನೆಯವರು ಸ್ಕೂಟರ್ ಒರೆಸಿ ಕೆಲಸಕ್ಕೆ ಹೊರಟರು. ಭಾನುಪ್ರಿಯಾ ನೀರು ಹಿಡಿದಳು, ಹಾಲು ಕಾಯಿಸಿದಳು. ಒಬ್ಬಳಿಗೆ ಎಷ್ಟು ಪುಡಿ ಹಾಕಬೇಕೆಂದು ತಿಳಿಯದೆ ಕಾಫಿ ಮಾಡಲಿಲ್ಲ. ಹನ್ನೊಂದು ದಿನ ಕಳೆಯುವವರೆಗೆ ಹೊಸಿಲು ದಾಟಬೇಡ ಎಂದು ಅಮೃತೂರಿನಲ್ಲಿ ಅತ್ತೆ ಗಿರಿಯಮ್ಮ ಹೇಳಿದ್ದರು. ಅವಳು ಕೇಳಿಸಿಕೊಂಡು, ಭಾನುವಾರ ಸಂಜೆಯ ಖಾಸಗಿ ಬಸ್ಸಿನಲ್ಲಿ ತುಮಕೂರಿನ ಮನೆಗೆ ಬಂದಿದ್ದಳು.

ಬೆಳಿಗ್ಗೆ 9:50ಕ್ಕೆ ಅವಳು ಗುಬ್ಬಿ ಪೊಲೀಸ್ ಠಾಣೆಯಲ್ಲಿದ್ದಳು.

ಇನ್‌ಸ್ಪೆಕ್ಟರ್ ಚನ್ನವೀರಯ್ಯ ಗುರುತು ಹಿಡಿದು ಕುರ್ಚಿ ತೋರಿಸಿದರು. ಶುಕ್ರವಾರ ಶವದ ಪಂಚನಾಮೆಗೆ ಅವರೇ ಹೋಗಿದ್ದರು. ಶಿವರಾಜ್, ಮೂವತ್ನಾಲ್ಕು ವರ್ಷ, ಗುಬ್ಬಿ ಹೊರವಲಯದ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಸ್ಟಾಕ್ ಚೆಕ್ಕರ್. ಆಯುಧ ಪೂಜೆಯ ದಿನ, ಅಕ್ಟೋಬರ್ 1ರಂದು, ಮೂರನೇ ಚೇಂಬರಿನೊಳಗೆ ಸಿಕ್ಕಿಕೊಂಡಿದ್ದ. ಮರುದಿನ ರಜೆ. 3ರ ಬೆಳಿಗ್ಗೆ 8:15ಕ್ಕೆ ಬಾಗಿಲು ತೆರೆದವರು ಅವನನ್ನು ಕಂಡರು. ಒಳಗೆ ನಾಲ್ಕು ಡಿಗ್ರಿ, ಫೋನಿಗೆ ಸಿಗ್ನಲ್ ಇಲ್ಲ. ಖಾಲಿ ಗೋಣಿಚೀಲಗಳನ್ನು ಮೈಮೇಲೆ ಎಳೆದುಕೊಂಡು ಮಲಗಿದ್ದ. ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗಿತ್ತು. ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಕೊಟ್ಟ ಹೇಳಿಕೆಯಲ್ಲಿ ಒಂದು ವಾಕ್ಯವಿತ್ತು: ಮೃತರು ಪಾಸ್ ಪಡೆಯದೆ, ಯಾರಿಗೂ ತಿಳಿಸದೆ ಒಳಗೆ ಹೋಗಿದ್ದಾರೆ.

ಭಾನುಪ್ರಿಯಾ ಒಂದು ಹಾಳೆಯ ದೂರನ್ನು ಮೇಜಿನ ಮೇಲಿಟ್ಟಳು.

"ಆ ವಾಕ್ಯ ಸುಳ್ಳು ಸರ್."

"ಹೇಗೆ ಹೇಳ್ತೀರಾ?"

"ಪಾಸ್ ಇಲ್ದೆ ಅವರು ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ. ತಾವೂ ಹೋಗ್ತಿರ್ಲಿಲ್ಲ."

"ಅದು ನಿಮ್ಮ ನಂಬಿಕೆ ಅಮ್ಮ."

"ಹೌದು. ಇದು ಬೇರೆ." ಅವಳು ಬ್ಯಾಗಿನಿಂದ ಒಂದು ಪ್ರಿಂಟ್ ತೆಗೆದಳು. ಪೂಜೆಯ ದಿನ ಕೊಟ್ಟ ಪಾಸುಗಳ ಪಟ್ಟಿ, ಮ್ಯಾನೇಜರ್ ಕೊಟ್ಟದ್ದು. ಚೇಂಬರಿಗೆ ಹೋಗುವವರ ಹೆಸರಿಗೆ ಕಂಪ್ಯೂಟರಿನಲ್ಲಿ ಪಾಸ್ ತೆರೆದು, ಹೊರಬಂದಾಗ ಮುಚ್ಚುತ್ತಿದ್ದರು. "ಇದ್ರಲ್ಲಿ ಎಂಟು ಪಾಸ್ ಇದೆ. ಎರಡನೇ ತಾರೀಖು ಸಂಜೆ ಏಳೂಕಾಲಿಗೆ ನಾನು ಅವರನ್ನ ಹುಡುಕ್ಕೊಂಡು ಗೇಟಿಗೆ ಹೋಗಿದ್ದೆ. ವಾಚ್‌ಮನ್ ಕಂಪ್ಯೂಟರ್ ತಿರುಗ್ಸಿ ತೋರಿಸಿದ್ರು. ಕೊಟ್ಟ ಪಾಸ್ ಒಂಬತ್ತು, ಮುಚ್ಚಿದ ಪಾಸ್ ಒಂಬತ್ತು, ಒಳಗಿರೋರು ಸೊನ್ನೆ."

"ಒಂಬತ್ತು ಅಂತ ಖಚಿತನಾ?"

"ಎಂ.ಕಾಂ. ಮಾಡಿದೀನಿ ಸರ್. ಅಂಕಿ ಮರೆಯಲ್ಲ."

"ಒಂದನೇ ತಾರೀಖೇ ಯಾಕೆ ಹುಡುಕ್ಲಿಲ್ಲ?"

"ಪೂಜೆ ಮುಗಿಸ್ಕೊಂಡು ಅಮೃತೂರಿಗೆ ಅಮ್ಮನ ಹತ್ರ ಹೋಗ್ತೀನಿ ಅಂದಿದ್ರು. ಅಲ್ಲಿ ಫೋನ್ ಸಿಗೋದು ಕಷ್ಟ. ಅಲ್ಲಿದಾರೆ ಅಂದ್ಕೊಂಡೆ. ಅತ್ತೆ ಇಲ್ಲಿದಾರೆ ಅಂದ್ಕೊಂಡ್ರು. ಎರಡನೇ ತಾರೀಖು ಸಂಜೆ ಅತ್ತೆ ಫೋನ್ ಮಾಡಿದಾಗಲೇ ಗೊತ್ತಾಗಿದ್ದು."

ಚನ್ನವೀರಯ್ಯ ದೂರನ್ನು ಎರಡು ಸಲ ಓದಿದರು. "ಈಗ ನಿಮಗೇನು ಬೇಕು?"

"ಪಾಸ್ ತಗೊಂಡೇ ಹೋಗಿದ್ರು ಅಂತ ಬರೀಬೇಕು. ಅಷ್ಟೇ."

ಮಧ್ಯಾಹ್ನ 12:10ಕ್ಕೆ ಇನ್‌ಸ್ಪೆಕ್ಟರ್ ಕೋಲ್ಡ್ ಸ್ಟೋರೇಜಿಗೆ ಹೋದರು. ಜೊತೆಗೆ ಕಾನ್‌ಸ್ಟೇಬಲ್ ಅಂಜನ್‌ಕುಮಾರ್. ಅವನು ಕಂಪ್ಯೂಟರ್ ಡಿಪ್ಲೊಮಾ ಓದಿದವನು. ಠಾಣೆಯ ಪ್ರಿಂಟರ್ ಕೆಟ್ಟಾಗಲೂ ಅವನನ್ನೇ ಕರೆಯುತ್ತಿದ್ದರು.

ಗೇಟಿನ ವಾಚ್‌ಮನ್ ಗಂಗಹನುಮಯ್ಯನಿಗೆ ಅರವತ್ತು ದಾಟಿತ್ತು. ಅವನ ಮೇಜಿನ ಮೇಲೆ ಕಂಪ್ಯೂಟರ್ ಇತ್ತು, ಪಕ್ಕದಲ್ಲಿ ರಟ್ಟು ಕಿತ್ತ ಒಂದು ನೋಟ್‌ಬುಕ್ಕೂ ಇತ್ತು.

"ಕಂಪ್ಯೂಟರ್ ಇದ್ದ ಮೇಲೆ ಈ ಪುಸ್ತಕ ಯಾಕೆ?"

"ಬರೀದೆ ಇದ್ರೆ ನಂಗೆ ಸಮಾಧಾನ ಇಲ್ಲ ಸ್ವಾಮಿ. ಮ್ಯಾನೇಜರ್ರು ಬ್ಯಾಡ ಅಂತಾರೆ. ನಾನು ಬುಡಲ್ಲ."

ಪೂಜೆಯ ದಿನ ಅವನಿಗೆ ರಜೆ. ಎರಡನೇ ತಾರೀಖಿನ ಪುಟದಲ್ಲಿ ನೀಲಿ ಇಂಕಿನಲ್ಲಿ ಹೀಗಿತ್ತು: ನಿನ್ನೆ ಪಾಸು 9. ಒಳಗೆ 0. ಅದರ ಕೆಳಗೆ: ಸಂಜೆ 7-15, ಶಿವರಾಜಪ್ಪನ ಮನೆಯವರು ಬಂದಿದ್ದರು. ಇಲ್ಲ ಎಂದು ಹೇಳಿ ಕಳಿಸಿದೆ.

ಅಂಜನ್‌ಕುಮಾರ್ ಕಂಪ್ಯೂಟರಿನಲ್ಲಿ ಅದೇ ದಿನದ ಪುಟ ತೆರೆದ. ಎಂಟು.

"ಪಾಸು ಹಾಕಿದ್ರೆ ತೆಗೆಯೋಕೆ ನಿಮಗೆ ಬರ್ತದಾ?"

"ಅಯ್ಯೋ, ನಂಗೆ ಇಲಿ ಹಿಡಿಯೋಕೇ ಬರಲ್ಲ ಸ್ವಾಮಿ," ಎಂದು ಮೌಸ್ ಕಡೆ ನೋಡಿದ. ಆಮೇಲೆ ನೋಟ್‌ಬುಕ್ಕನ್ನು ಇನ್‌ಸ್ಪೆಕ್ಟರ್ ಕೈಗೆ ಕೊಡುವಾಗ ಆ ಪುಟದ ಮೇಲೆ ಅಂಗೈ ಇಟ್ಟುಕೊಂಡೇ ಕೊಟ್ಟ.

ಮೂರನೇ ಚೇಂಬರಿನ ಬಾಗಿಲ ಬಳಿಯಿದ್ದ ಬಾಡಿದ ಬಾಳೆಕಂದು, ಕತ್ತರಿಸಿದ ನೈಲಾನ್ ಹಗ್ಗ ಶುಕ್ರವಾರವೇ ಜಪ್ತಿಯಾಗಿದ್ದವು. ಬಾಗಿಲಿನ ಹಿಡಿಯನ್ನು ಒಳಗಿನಿಂದ ತಳ್ಳಿ ಎತ್ತಲು ಒಂದು ಸರಳು ಇತ್ತು. ಹಗ್ಗ ಆ ಹಿಡಿಯ ಮೇಲೆ ಹಾದು ಹೋಗಿತ್ತು. ಕಟ್ಟಿದವಳು ಚಿಕ್ಕಮಾರಮ್ಮ. ಸಿ.ಎಸ್. ಪುರದ ಕಡೆಯವಳು, ಹಣ್ಣು ಆರಿಸುವ ಕೆಲಸ. ಐವತ್ತರ ಮೇಲಿನ ವಯಸ್ಸು. ನಿಂತುಕೊಂಡೇ ಹೇಳಿಕೆ ಕೊಟ್ಟಳು.

"ಪ್ರತಿ ವರ್ಷ ಹೀಗೇ ಕಟ್ತೀರಾ?"

"ಹೂಂ ಸ್ವಾಮಿ. ಬಾಗ್ಲಿಗೆರಡು ಕಂದು. ಬೀಳಬಾರ್ದು ಅಂತ ಹಿಡಿ ಮ್ಯಾಲೆ ಹಾಯ್ಸಿ ಬಿಗೀತೀವಿ."

"ಒಳಗೆ ಯಾರಿದಾರೆ ಅಂತ ನೋಡಲ್ವಾ?"

"ಕೂಗಿದೆ. ಮಿಷನ್ ಸದ್ದು. ಮಾಮೂಲಿ ದಿನ ಆದ್ರೆ ಕಂಪ್ಯೂಟ್ರಲ್ಲಿ ಕಾಣ್ತದೆ. ಅವತ್ತು ಅದುಕ್ಕೂ ಪೂಜೆ, ಆಫ್ ಮಾಡಿ ಕುಂಕುಮ ಇಟ್ಟಿದ್ರು."

"ಮತ್ತೆ ಯಾವ ಧೈರ್ಯದ ಮೇಲೆ ಕಟ್ಟಿದ್ರಿ?"

"ಪೂಜೆ ಆಗಿ ಕಂಪ್ಯೂಟ್ರು ಹಾಕಿದ್ ತಕ್ಷಣ ಸೈರನ್ ಆಯ್ತದಲ್ಲ ಸ್ವಾಮಿ. ಯಾರಾನಾ ಒಳಗಿದ್ರೆ."

ಪಕ್ಕದಲ್ಲಿದ್ದ ಹಮಾಲಿ ರಂಗಣ್ಣ ಮಾತು ಸೇರಿಸಿದ. "ಹೋದೊರ್ಸ ನಾನೇ ಒಳಗಿದ್ದೆ ಸಾರ್. ಸೈರನ್ ಆಯ್ತು, ಹಗ್ಗ ಕುಯ್ದು ತೆಗುದ್ರು. ನೀನೂ ಒಂದು ಆಯುಧನೇ ಕಣ್ಲಾ ಅಂತ ನಂಗೂ ಕುಂಕುಮ ಇಟ್ಟು ಮಂಗಳಾರ್ತಿ ಎತ್ತಿದ್ರು. ಶಿವರಾಜಣ್ಣನೇ ಎಲ್ಲಾರ್ಗಿಂತ ನಕ್ಕಿದ್ದು."

"ಈ ಸಲ ಸೈರನ್ ಆಯ್ತಾ?"

"ಇಲ್ಲ ಸಾರ್. ಆಗ್ಲಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ. ಶಿವರಾಜಣ್ಣ ಊರಿಗೆ ಹೊಂಟೋದ್ರು ಅಂದ್ಕೊಂಡ್ವಿ. ಸ್ವೀಟ್ ಪೊಟ್ಟಣ ಇಸ್ಕೊಂಡು ಎರಡು ಗಂಟೆಗೆ ಎಲ್ಲಾ ಹೊಂಟೋದ್ವಿ."

ಸಂಜೆ 5:30ಕ್ಕೆ FIR ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಮುಂದೆ 'ಗೊತ್ತಿಲ್ಲ' ಎಂದು ಬರೆದರು.

ಅಕ್ಟೋಬರ್ 8, ಬೆಳಿಗ್ಗೆ 11:00. ಕೋಲ್ಡ್ ಸ್ಟೋರೇಜಿನ ಸಾಫ್ಟ್‌ವೇರ್ ಬರೆದು ನೋಡಿಕೊಳ್ಳುವ ಕಂಪನಿ ತುಮಕೂರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಇತ್ತು. ಹನ್ನೆರಡು ಮಂದಿ. ಗೋಡೆಯ ಮೇಲೆ ಒಂದು ಬಿಳಿ ಬೋರ್ಡ್. ಅದರಲ್ಲಿ ಎರಡು ಸಾಲು: ತೆಗೆದ ಕೋಡ್ 1,14,000 ಸಾಲು. ತಪ್ಪಾಗಿ ತೆಗೆದದ್ದು 0.

"ಇದೇನು?" ಚನ್ನವೀರಯ್ಯ ಕೇಳಿದರು.

ಎಂಜಿನಿಯರ್ ಮಾಲಿನಿ ವಿವರಿಸಿದಳು. ಆ ಸಾಫ್ಟ್‌ವೇರಿಗೆ ಹದಿನಾಲ್ಕು ವರ್ಷ. ಸ್ಟಾಕು, ಬಾಡಿಗೆ, ಪಾಸು ಎಲ್ಲವೂ ಅದರಲ್ಲೇ. ಬಂದವರೆಲ್ಲ ಕೋಡ್ ಸೇರಿಸಿದರು, ಯಾರೂ ತೆಗೆಯಲಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಯಾರಿಗೂ ತಿಳಿಯದ ಸ್ಥಿತಿ ಬಂತು. ಅದಕ್ಕೆ ಒಂದು ಟೂಲ್ ತಂದರು. ಟೂಲ್ ಆರು ತಿಂಗಳು ಸುಮ್ಮನೆ ನೋಡುತ್ತದೆ. ಆ ಅವಧಿಯಲ್ಲಿ ಒಮ್ಮೆಯೂ ಓಡದ ಕೋಡನ್ನು ಪಟ್ಟಿ ಮಾಡುತ್ತದೆ. ಪಟ್ಟಿ ಬಳಸುವವರಿಗೆ ಹೋಗುತ್ತದೆ, ಬೇಕಾದದ್ದು ಇದ್ದರೆ ಹೇಳಿ ಎಂದು. ಏಳು ಕೆಲಸದ ದಿನ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದುಕೊಂಡು ತಾನೇ ತೆಗೆಯುತ್ತದೆ. ತೆಗೆದದ್ದನ್ನು ಮೂವತ್ತು ದಿನ ಪಕ್ಕಕ್ಕೆ ಇಟ್ಟಿರುತ್ತದೆ. ದೂರು ಬಂದರೆ ವಾಪಸ್, ಇಲ್ಲವಾದರೆ ಪೂರ್ತಿ ಹೋಯಿತು.

"ಸೇಫ್ ಆಗಿರ್ಲಿ ಅಂತಾನೇ ತಂದಿದ್ದು ಸರ್," ಎಂದಳು.

"ಆ ಸೈರನ್ ಕೋಡ್ ತೆಗೆದಿದ್ರಾ?"

ಮಾಲಿನಿ ಉತ್ತರಿಸುವ ಮುನ್ನ ಹಿಂದಿನ ಮೇಜಿನಿಂದ ಒಬ್ಬರು ಎದ್ದು ಬಂದರು. ಲಕ್ಷ್ಮೀಕಾಂತ್, ಮೂವತ್ತೊಂಬತ್ತು ವರ್ಷ, ಟೂಲಿನ ಉಸ್ತುವಾರಿ. ಕುಣಿಗಲ್‌ನಿಂದ ದಿನಾ ಓಡಾಡುವವರು.

"ತೆಗೆದಿಲ್ಲ ಸರ್. ನೋಡಿ, ಇಲ್ಲೇ ಇದೆ. 2021ರಲ್ಲಿ ಬರೆದದ್ದು. ಸರ್ವರ್ ಆಫ್ ಆಗಿ ಆನ್ ಆದಾಗ ಮುಚ್ಚದ ಪಾಸ್ ಇದ್ರೆ ಸೈರನ್ ಕೊಡುತ್ತೆ. ಅಲ್ಲಿ ವೈರಿಂಗ್ ಹೋಗಿರ್ಬೇಕು. ಒಮ್ಮೆ ಚೆಕ್ ಮಾಡ್ಸಿ."

ಮಾತು ಮೆತ್ತಗಿತ್ತು. ಇಬ್ಬರಿಗೂ ನೀರು ತರಿಸಿಕೊಟ್ಟರು.

ಅಕ್ಟೋಬರ್ 9, ಬೆಳಿಗ್ಗೆ 10:30. ಕೋಲ್ಡ್ ಸ್ಟೋರೇಜಿನಲ್ಲಿ ಪಂಚರ ಮುಂದೆ ಪರೀಕ್ಷೆ ನಡೆಯಿತು. ಅಂಜನ್‌ಕುಮಾರ್ ತನ್ನ ಹೆಸರಿಗೇ ಒಂದು ಪಾಸ್ ಮಾಡಿಸಿದ. ಮುಚ್ಚಲಿಲ್ಲ. ಸರ್ವರ್ ಆಫ್ ಮಾಡಿಸಿ, ಹತ್ತು ನಿಮಿಷ ಕಾದು, ಆನ್ ಮಾಡಿಸಿದ.

ಸೈರನ್ ಕೂಗಿತು. ಅಂಗಳದಲ್ಲಿ ಹಣ್ಣು ಆರಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅದು ನಿಲ್ಲುವವರೆಗೂ ಚಿಕ್ಕಮಾರಮ್ಮ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಅವತ್ತು ಮನೆಗೆ ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ಜೀಪಿನಲ್ಲಿ ಚನ್ನವೀರಯ್ಯ ಕೇಳಿದರು. "ವೈರಿಂಗ್ ಸರಿ ಇದೆ. ಕೋಡೂ ಇದೆ. ಒಂದನೇ ತಾರೀಖು ಯಾಕೆ ಕೂಗ್ಲಿಲ್ಲ?"

"ಅವತ್ತು ಇರ್ಲಿಲ್ಲ ಸರ್," ಅಂಜನ್‌ಕುಮಾರ್ ಹೇಳಿದ. "ಆಮೇಲೆ ಬಂದಿದೆ."

"ಅದಕ್ಕೆ 2021 ಅಂತ ತಾರೀಖಿತ್ತಲ್ಲಯ್ಯ."

"ತಾರೀಖು ಹಾಕೋದು ಕಷ್ಟ ಅಲ್ಲ ಸರ್. ಆದ್ರೆ ಆ ಟೂಲು ತಾನು ತೆಗೆದದ್ದನ್ನ ಎಲ್ಲಾದ್ರೂ ಬರ್ಕೊಂಡಿರ್ಬೇಕು. ವಾಚ್‌ಮನ್ ಗಂಗಹನುಮಯ್ಯನ ಥರ."

ಮಾಲಿನಿಗೆ ಫೋನ್ ಮಾಡಿದರು.

"ಬರ್ಕೊಳ್ಳುತ್ತೆ ಸರ್. ಅದನ್ನ ನಮ್ಮ ಕಡೆಯಿಂದ ಯಾರೂ ತಿದ್ದೋಕಾಗಲ್ಲ. ನಾಳೆ ಬನ್ನಿ. ಲಕ್ಷ್ಮೀಕಾಂತ್ ಸರ್ ನಾಳೆ ರಜೆ."

"ರಜೆ ಅಂತ ಯಾಕೆ ಹೇಳ್ತಿದೀರಾ?"

"ನಂಗೆ ಕೆಲಸ ಕಲಿಸಿದ್ದು ಅವರು ಸರ್. ಅವರ ಮುಂದೆ ತೋರ್ಸೋಕೆ ನಂಗಾಗಲ್ಲ."

ಅಕ್ಟೋಬರ್ 10ರಂದು ಎರಡು ವಸ್ತು ಜಪ್ತಿಯಾದವು. ಮೊದಲನೆಯದು ಟೂಲಿನ ದಾಖಲೆ. ಆಗಸ್ಟ್ 18ರಂದು ಕೋಲ್ಡ್ ಸ್ಟೋರೇಜಿಗೆ ಪಟ್ಟಿ ಹೋಗಿತ್ತು. ಅದರಲ್ಲಿ ನಲವತ್ತೊಂದನೆಯದು ಸೈರನ್ ಕೋಡ್. ಉತ್ತರ: ಬಂದಿಲ್ಲ. ಆಗಸ್ಟ್ 27, ನಸುಕಿನ 2:00ಕ್ಕೆ ತೆಗೆಯಲಾಗಿದೆ. ಅಂದು ಗಣೇಶನ ಹಬ್ಬ, ಕಂಪನಿಗೆ ರಜೆ. ಮೂವತ್ತು ದಿನದ ಅವಧಿ ಸೆಪ್ಟೆಂಬರ್ 26ಕ್ಕೆ ಮುಗಿದಿತ್ತು, ಆಯುಧ ಪೂಜೆಗೆ ಐದು ದಿನ ಮೊದಲು. ಈ ಕೋಲ್ಡ್ ಸ್ಟೋರೇಜಿನಲ್ಲಿ ಟೂಲ್ ಮೊದಲ ಸಲ ನೋಡುತ್ತಾ ಕುಳಿತದ್ದು ಆ ವರ್ಷದ ಫೆಬ್ರವರಿಯಿಂದ ಆಗಸ್ಟ್‌ವರೆಗೆ. ಕೋಲ್ಡ್ ಸ್ಟೋರೇಜಿಗೆ ಜನರೇಟರ್ ಇದೆ, ಕರೆಂಟು ಹೋದರೂ ಸರ್ವರ್ ನಿಲ್ಲುವುದಿಲ್ಲ. ವರ್ಷಕ್ಕೆ ಒಂದೇ ದಿನ ಅದನ್ನು ಆರಿಸುತ್ತಾರೆ, ಕುಂಕುಮ ಇಡಲು.

ಎರಡನೆಯದು ಬ್ಯಾಕಪ್. ಸರ್ವರಿನ ಒಂದು ಪ್ರತಿ ದಿನಕ್ಕೊಮ್ಮೆ ಬೇರೆಡೆ ಉಳಿಯುತ್ತಿತ್ತು. ಅಂಜನ್‌ಕುಮಾರ್ ಮೂರು ದಿನದ ಪ್ರತಿಗಳನ್ನು ಪಕ್ಕಪಕ್ಕದಲ್ಲಿ ತೆರೆಸಿದ.

ಅಕ್ಟೋಬರ್ 1ರದ್ದು: ಪಾಸ್ 9. ಹೆಸರು ಶಿವರಾಜ್. ಚೇಂಬರ್ 3. ಕಾರಣ, ಹರಿದ ಮೂಟೆ ಹೊಲಿಯಲು. ಒಳಗೆ 11:20. ಹೊರಗೆ, ಖಾಲಿ.

ಅಕ್ಟೋಬರ್ 2ರದ್ದು: ಅದೇ ಪಾಸ್. ಹೊರಗೆ, 1ನೇ ತಾರೀಖು 13:30. ಹಾಗೆಂದು ತುಂಬಿ ಮುಚ್ಚಿದ್ದು 2ರ ಬೆಳಿಗ್ಗೆ 9:42ಕ್ಕೆ. ಮುಚ್ಚಿದವರು ಲಕ್ಷ್ಮೀಕಾಂತ್.

ಅಕ್ಟೋಬರ್ 3ರದ್ದು: ಎಂಟು ಪಾಸ್.

ಮಾಲಿನಿ ಪಂಚನಾಮೆಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದಳು. "ಮೂಟೆ ಹೊಲಿಯೋಕೆ ಹೋಗಿದ್ದಾ ಸರ್," ಎಂದು ಕೇಳಿದಳು.

ಅದೇ ಸಂಜೆ ಶವಪರೀಕ್ಷೆಯ ವರದಿ ಬಂತು. ಸಾವು ಸಂಭವಿಸಿದ್ದು ಅಕ್ಟೋಬರ್ 2ರ ರಾತ್ರಿ 9 ಗಂಟೆಯಿಂದ 3ರ ಬೆಳಗಿನ ಜಾವ 2 ಗಂಟೆಯ ನಡುವೆ. ಚನ್ನವೀರಯ್ಯ ವರದಿಯ ಪಕ್ಕದಲ್ಲಿ ವಾಚ್‌ಮನ್‌ನ ನೋಟ್‌ಬುಕ್ ಇಟ್ಟು ಎರಡನೇ ತಾರೀಖಿನ ಪುಟ ತೆರೆದರು. ಸಂಜೆ 7-15.

ಅಕ್ಟೋಬರ್ 13, ಬೆಳಿಗ್ಗೆ 10:15. ಉಳಿದದ್ದು ಒಂದು ಪ್ರಶ್ನೆ. ಕೋಲ್ಡ್ ಸ್ಟೋರೇಜಿನ ಪರವಾಗಿ ಪಟ್ಟಿ ಹೋದದ್ದು ಸ್ಟಾಕ್ ನೋಡುತ್ತಿದ್ದ ಶಿವರಾಜ್‌ಗೆ. ಅವನು ಉತ್ತರ ಕೊಡಲಿಲ್ಲವೇ? ಅವನ ಫೋನ್ ಜಪ್ತಿಯಲ್ಲಿತ್ತು. ತೆರೆಯಲು ಭಾನುಪ್ರಿಯಾಳನ್ನು ಕರೆಸಿದರು. ಅವಳು ಬೆರಳಿನಿಂದ ಪರದೆಯ ಮೇಲೆ ಗೆರೆ ಎಳೆದು ಫೋನನ್ನು ಮೇಜಿನ ಮೇಲಿಟ್ಟಳು.

ಲಕ್ಷ್ಮೀಕಾಂತ್ ಹೆಸರಿನಲ್ಲಿ ವಾಟ್ಸಾಪ್ ಮಾತುಕತೆ ಇತ್ತು. ಆಗಸ್ಟ್ 19, ಬೆಳಿಗ್ಗೆ 8:05. ಶಿವರಾಜ್ ಕಳಿಸಿದ ಒಂದು ವಾಯ್ಸ್ ಮೆಸೇಜ್. ಒಂದು ನಿಮಿಷ ಹನ್ನೆರಡು ಸೆಕೆಂಡ್.

"ನೀವು ಹೊರಗೆ ಕೂತಿರ್ತೀರಾ ಅಮ್ಮ?" ಚನ್ನವೀರಯ್ಯ ಕೇಳಿದರು.

"ಇಲ್ಲೇ ಇರ್ತೀನಿ ಸರ್."

ಅಂಜನ್‌ಕುಮಾರ್ ಒತ್ತಿದ.

"ಸರ್ ನಮಸ್ಕಾರ, ಶಿವರಾಜ್ ಸರ್, ಗುಬ್ಬಿಯಿಂದ. ಲಿಸ್ಟ್ ನೋಡ್ದೆ. ಇಂಗ್ಲಿಷಲ್ಲಿ ಟೈಪ್ ಮಾಡೋದು ನಂಗೆ ಲೇಟಾಗ್ತದೆ, ಅದುಕ್ಕೆ ಬಾಯಲ್ಲೇ ಹೇಳ್ತೀನಿ. ಮಿಕ್ಕಿದ್ದೆಲ್ಲ ತೆಗೀರಿ, ತೊಂದ್ರೆ ಇಲ್ಲ. ನಲವತ್ತೊಂದನೇದು ಮಾತ್ರ ಬೇಡ ಸರ್. ಅದು ಆಯುಧ ಪೂಜೆಗೆ ಬೇಕು. ನಗಬೇಡಿ ಸರ್. ಅವತ್ತೊಂದಿನ ಸಿಸ್ಟಮ್ ಆಫ್ ಮಾಡ್ತೀವಲ್ಲ, ಆನ್ ಮಾಡಿದಾಗ ಒಳಗೆ ಯಾರಾದ್ರೂ ಇದ್ರೆ ಕೂಗ್ತದೆ. ಹೋದ ವರ್ಷ ನಮ್ಮ ರಂಗಣ್ಣ ಸಿಕ್ಕಾಕ್ಕೊಂಡಿದ್ದ. ನಮ್ಮೋರು ಅದನ್ನ ನಂಬ್ಕೊಂಡೇ ಬಾಗ್ಲು ಕಟ್ತಾರೆ. ಏಯ್, ಕುಕ್ಕರ್ ಆಫ್ ಮಾಡೇ, ಮೂರಾಯ್ತು. ಸಾರಿ ಸರ್, ಮನೇಲಿ. ಅಷ್ಟೇ ಸರ್. ನಲವತ್ತೊಂದು. ಸಿಕ್ಕಿದ್ರೆ ಒಂದು ಓಕೆ ಹಾಕಿ."

ಓಕೆ ಬಂದಿರಲಿಲ್ಲ.

ಭಾನುಪ್ರಿಯಾ ಮೇಜಿನ ಅಂಚನ್ನು ನೋಡುತ್ತಿದ್ದಳು. "ಮೂರಲ್ಲ, ಎರಡೇ ಆಗಿತ್ತು," ಎಂದಳು. ಆಮೇಲೆ, "ಇನ್ನೊಂದ್ಸಲ ಹಾಕೋದು ಬೇಡ," ಎಂದಳು.

ಅಂಜನ್‌ಕುಮಾರ್ ಆ ಮೆಸೇಜಿನ ವಿವರ ತೆರೆದ. ಕಳಿಸಿದವರ ಫೋನಿನಲ್ಲಿ, ಕೇಳಿದವರು ಯಾವಾಗ ಕೇಳಿದರು ಎಂಬುದು ಉಳಿದಿರುತ್ತದೆ. ತಲುಪಿದ್ದು ಆಗಸ್ಟ್ 19, 8:05. ಕೇಳಿದ್ದು ಅಕ್ಟೋಬರ್ 3, 10:50. ಬಾಗಿಲು ತೆರೆದು ಎರಡೂವರೆ ಗಂಟೆಯ ನಂತರ.

ಹೊರಡುವಾಗ ಅವಳು ಬಾಗಿಲ ಬಳಿ ನಿಂತಳು. "ಸರ್, ಶವಪರೀಕ್ಷೆ ವರದೀಲಿ ಟೈಮ್ ಇದೆಯಾ?"

ಚನ್ನವೀರಯ್ಯ ಕಡತದ ಮೇಲೆ ಕೈ ಇಟ್ಟುಕೊಂಡರು. "ಇದೆ ಅಮ್ಮ."

"ನಾನು ಗೇಟಿಗೆ ಹೋದಾಗ?"

ಅವರು ಕಡತ ಮುಚ್ಚಿ ಪಕ್ಕಕ್ಕಿಟ್ಟರು. ಅವಳು ತಲೆ ಆಡಿಸಿ ಮೆಟ್ಟಿಲಿಳಿದಳು. ಅಂಜನ್‌ಕುಮಾರ್ ಬಸ್ ಸ್ಟ್ಯಾಂಡಿನವರೆಗೆ ಹತ್ತು ಹೆಜ್ಜೆ ಹಿಂದೆಯೇ ನಡೆದು ಬಂದ. ಅವಳು ತುಮಕೂರಿನ ಬಸ್ಸು ಹತ್ತಿದ ಮೇಲೆ ವಾಪಸಾದ.

ಅಕ್ಟೋಬರ್ 14, ಬೆಳಿಗ್ಗೆ 6:40. ಕುಣಿಗಲ್ ಪಟ್ಟಣದಲ್ಲಿ ಲಕ್ಷ್ಮೀಕಾಂತ್‌ರ ಮನೆ. ಅವರು ಸ್ನಾನ ಮಾಡಿ ಸಿದ್ಧರಾಗಿ ಹಜಾರದಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಬ್ಯಾಗ್.

"ಎಲ್ಲಿಗಾದ್ರೂ ಹೊರಟಿದ್ರಾ?"

"ಇಲ್ಲ ಸರ್. ನಾಲ್ಕು ದಿನದಿಂದ ಹಿಂಗೇ ಕೂರ್ತಿದೀನಿ."

ಬಂಧನದ ಕಾರಣವನ್ನು ಓದಿ ಹೇಳಿದರು. ಕಲಂ 106(1)ರ ಜೊತೆಗೆ 238, ಸಾಕ್ಷ್ಯ ನಾಶ. ಅವರ ಹೆಂಡತಿ ಸಹಿ ಹಾಕಿದರು. ಠಾಣೆಯಲ್ಲಿ ಹತ್ತು ಗಂಟೆಗೆ ವಿಚಾರಣೆ ಶುರುವಾಯಿತು.

"ಎರಡನೇ ತಾರೀಖು ಪಾಸ್ ಮುಚ್ಚಿದ್ದು ಯಾಕೆ?"

"ರಜೆ ದಿನಾನೂ ರಿಪೋರ್ಟ್ ನೋಡ್ತೀನಿ ಸರ್. ಒಂದು ಪಾಸ್ ಓಪನ್ ಇತ್ತು. ಹಬ್ಬದ ದಿನ ಮುಚ್ಚೋದು ಮರೀತಾರೆ. ಬೇರೆ ಕಡೆನೂ ಎಷ್ಟೋ ಸಲ ನಾನೇ ಮುಚ್ಚಿದೀನಿ."

"ಫೋನ್ ಮಾಡಿ ಕೇಳ್ಬಹುದಿತ್ತಲ್ಲ?"

"ಹಬ್ಬ ಅಲ್ವಾ ಸರ್. ಮನೆಯವ್ರ ಜೊತೆ ಇರ್ತಾರೆ, ಯಾಕೆ ತೊಂದ್ರೆ ಕೊಡೋದು ಅಂತ."

"ಆ ಪಾಸ್ ಓಪನ್ ಇದ್ದಿದ್ರೆ ಅವತ್ತು ಸಂಜೆ ಬಾಗಿಲು ತೆಗೀತಿದ್ರು. ಗೊತ್ತಾ?"

ಲಕ್ಷ್ಮೀಕಾಂತ್‌ಗೆ ಅದು ಗೊತ್ತಿರಲಿಲ್ಲ. ಚನ್ನವೀರಯ್ಯ ನೋಟ್‌ಬುಕ್ಕಿನ ಪುಟ ತೋರಿಸಿದರು. ಅವರು ಓದಿದರು. ನೀರು ಕೇಳಿದರು, ಕೊಟ್ಟಾಗ ಕುಡಿಯಲಿಲ್ಲ.

"ವಾಯ್ಸ್ ಮೆಸೇಜ್ ಯಾಕೆ ಕೇಳ್ಲಿಲ್ಲ?"

"ಅವರು ಯಾವಾಗ್ಲೂ ವಾಯ್ಸೇ ಕಳ್ಸೋರು. ಉದ್ದ ಇರೋದು. ಟೂಲಿಗೆ ಬರಹದ ಉತ್ತರ ಬಿಟ್ರೆ ಬೇರೆ ಗೊತ್ತಾಗಲ್ಲ. ಆಮೇಲೆ ಕೇಳಿ ನಾನೇ ಟೈಪ್ ಮಾಡೋಣ ಅಂತಿದ್ದೆ."

"ಮೂರನೇ ತಾರೀಖು ಕೇಳಿದ್ರಿ."

"ಹೂಂ."

"ಆಮೇಲೆ ಏನ್ ಮಾಡಿದ್ರಿ?"

"ನನ್ನ ಲ್ಯಾಪ್‌ಟಾಪಲ್ಲಿದ್ದ ಹಳೇ ಪ್ರತಿಯಿಂದ ಆ ಕೋಡ್ ವಾಪಸ್ ಹಾಕ್ದೆ. ಹಳೇ ತಾರೀಖು ಕೊಟ್ಟೆ. ಪಾಸ್ ತೆಗ್ದೆ. ನನ್ನ ಫೋನಿಂದ ಮೆಸೇಜ್ ತೆಗ್ದೆ."

"ಪೊಲೀಸ್ರ ಭಯಕ್ಕಾ?"

"ಪೊಲೀಸ್ರು ಬರ್ತಾರೆ ಅಂತ ಅವಾಗ ತಲೇಲೇ ಇರ್ಲಿಲ್ಲ ಸರ್." ಅವರು ಬೆರಳುಗಳನ್ನು ನೋಡಿಕೊಂಡರು. "ಆಫೀಸಲ್ಲಿ ಬೋರ್ಡಿದೆಯಲ್ಲ. ತಪ್ಪಾಗಿ ತೆಗೆದದ್ದು ಸೊನ್ನೆ. ಅದನ್ನ ದಿನಾ ಬೆಳಿಗ್ಗೆ ನಾನೇ ಒರೆಸಿ ಮತ್ತೆ ಬರೀತೀನಿ, ಐದು ವರ್ಷದಿಂದ. ಅವತ್ತು ಒಂದು ಅಂತ ಬರೀಬೇಕಿತ್ತು. ಕೈ ಬರ್ಲಿಲ್ಲ."

ಚನ್ನವೀರಯ್ಯ ಹೇಳಿಕೆಯನ್ನು ಹಾಗೆಯೇ ಬರೆಸಿದರು. ಆಮೇಲೆ ಕೇಸ್ ಡೈರಿಯಲ್ಲಿ ತಮ್ಮ ಕೈಯಲ್ಲಿ ಬರೆದರು: ಆರೋಪಿಗೆ ಮೃತರ ಮೇಲೆ ದ್ವೇಷವಿಲ್ಲ. ಲಾಭವಿಲ್ಲ. ಬೇಡವಾದದ್ದನ್ನು ತೆಗೆಯುವುದೇ ಈತನ ದಿನದ ಕೆಲಸ. ತನ್ನ ಒಂದು ತಪ್ಪನ್ನೂ ಅದೇ ರೀತಿ ತೆಗೆಯಬಹುದೆಂದು ತಿಳಿದಿದ್ದಾನೆ. ಬಾಗಿಲಿನ ಹಗ್ಗ, ಒಳಗಿನ ಸರಳು, ಲೆಕ್ಕವಿಡದ ತಲೆಗಳು, ಇವುಗಳಿಗೆ ಮ್ಯಾನೇಜರ್ ಹೊಣೆ. ಅವರನ್ನು ಎರಡನೇ ಆರೋಪಿ ಮಾಡಿದೆ. ಹಗ್ಗ ಕಟ್ಟಿದ ಹೆಂಗಸನ್ನು ಸಾಕ್ಷಿ ಮಾಡಿದೆ.

ನವೆಂಬರ್ 12ರಂದು ಆರೋಪಪಟ್ಟಿ ಸಲ್ಲಿಕೆಯಾಯಿತು. ಅದರ ಎರಡನೇ ಪುಟದಲ್ಲಿ, ಮೃತ ಶಿವರಾಜ್ ನಿಯಮದಂತೆ ಒಂಬತ್ತನೇ ಪಾಸ್ ಪಡೆದು ಬೆಳಿಗ್ಗೆ 11:20ಕ್ಕೆ ಒಳಗೆ ಹೋಗಿದ್ದರು ಎಂದಿತ್ತು.

17ರ ಸೋಮವಾರ ನ್ಯಾಯಾಲಯದ ಆದೇಶ ಹಿಡಿದು ಭಾನುಪ್ರಿಯಾ ಠಾಣೆಗೆ ಬಂದಳು. ಆ ಸಾಲನ್ನು ನಿಂತುಕೊಂಡೇ ಓದಿದಳು. ಫೋನ್ ವಿಚಾರಣೆ ಮುಗಿಯುವವರೆಗೆ ಕೊಡುವಂತಿರಲಿಲ್ಲ. ಉಳಿದ ವಸ್ತುಗಳನ್ನು ಅಂಜನ್‌ಕುಮಾರ್ ಒಂದೊಂದಾಗಿ ಎಣಿಸಿ ಇಟ್ಟ. ವಾಚು, ಪರ್ಸು, ಮನೆಯ ಕೀ. ಕೊನೆಗೆ ಒಂದು ದಬ್ಬಳ, ಮೂಟೆ ಹೊಲಿಯುವ ಉದ್ದ ಸೂಜಿ, ಕಣ್ಣಿನಲ್ಲಿ ಗೇಣುದ್ದ ಸುತಲಿ ದಾರ.

"ಇದು ನಮ್ಮದಲ್ಲ."

"ಚಿಕ್ಕಮಾರಮ್ಮಂದು ಮೇಡಂ. ಅವತ್ತು ಮೂಟೆ ಹೊಲಿಯೋಕೆ ಇಸ್ಕೊಂಡಿದ್ರಂತೆ. ಬಿಡಿ, ನಾನೇ ತಲುಪಿಸ್ತೀನಿ."

"ಬೇಡ. ನಾನು ಕೊಡ್ತೀನಿ."

ಸಿ.ಎಸ್. ಪುರದಲ್ಲಿ ಬಸ್ಸಿಳಿದಾಗ ಒಂದೂವರೆ. ಮನೆ ಕೇಳಿಕೊಂಡು ಹೋದಳು. ಚಿಕ್ಕಮಾರಮ್ಮ ಬಾಗಿಲ ಮುಂದೆ ರಾಗಿ ಹಸನು ಮಾಡುತ್ತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೆ ಮೊರ ಕೆಳಗಿಟ್ಟು ಎದ್ದಳು, ಮತ್ತೆ ಕೂತಳು.

ಭಾನುಪ್ರಿಯಾ ಅಂಗಳದಲ್ಲೇ ನಿಂತು ಕಾಗದದಲ್ಲಿ ಸುತ್ತಿದ್ದ ದಬ್ಬಳವನ್ನು ಚಾಚಿದಳು.

"ನಿಮ್ದು. ಅವರು ಇಸ್ಕೊಂಡಿದ್ರು."

"ನಂಗ್ಯಾಕವ್ವ ಅದು. ಆ ಕೆಲಸ ಬುಟ್ಟೆ. ಈ ಕೈಯಾಗೇ ಅಲ್ವಾ ನಾನು ಹಗ್ಗ..."

"ನಿಮ್ಮ ವಸ್ತು. ನಮ್ಮನೇಲಿ ಇಟ್ಕೊಳ್ಳೋಕೆ ಆಗಲ್ಲ."

ಚಿಕ್ಕಮಾರಮ್ಮ ಬಹಳ ಹೊತ್ತು ಕೈ ಚಾಚಲಿಲ್ಲ. ಆಮೇಲೆ ಸೆರಗಿಗೆ ಅಂಗೈ ಒರೆಸಿಕೊಂಡು ತೆಗೆದುಕೊಂಡಳು. ಕಾಗದ ಬಿಚ್ಚಿ ದಾರದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಮೂಟೆ ಹೊಲ್ದಿದ್ರಾ?"

"ಹೊಲ್ದಿದ್ರಂತೆ. ಪೂರ್ತಿ."

"ಅವ್ರ ಹೊಲಿಗೆ ಬಿಚ್ತಿರ್ಲಿಲ್ಲ ಕಣವ್ವ. ನಾವೆಲ್ಲಾ ಒಂದೆಳೆ ಹಾಕಿದ್ರೆ ಅವ್ರು ಎರಡೆಳೆ." ಅವಳು ಸುತಲಿಯನ್ನು ಸೂಜಿಯಿಂದ ಹೊರಗೆಳೆಯಲು ಹೋಗಿ ನಿಲ್ಲಿಸಿದಳು. ದಾರದ ಸಮೇತವೇ ಅದನ್ನು ಗೋಡೆಯ ಗೂಡಿನಲ್ಲಿಟ್ಟಳು. "ಬಸ್ಸು ಮೂರಕ್ಕದೆ. ಒಳಗೆ ಬಾ."

"ನಂಗಿನ್ನೂ ಎರಡು ತಿಂಗಳು ಆಗಿಲ್ಲ. ಬೇರೆಯವ್ರ ಮನೆಗೆ ಹೋಗ್ಬಾರ್ದು ಅಂತಾರೆ."

"ಅಂತಾರೆ," ಎಂದಳು ಚಿಕ್ಕಮಾರಮ್ಮ. ಒಳಗೆ ಹೋಗಿ ಚಾಪೆ ಹಾಸಿದ ಸದ್ದಾಯಿತು.

ಭಾನುಪ್ರಿಯಾ ಚಪ್ಪಲಿ ಬಿಟ್ಟು ಒಳಗೆ ಹೋದಳು.